ನಾಲ್ಕು ಡಿಗ್ರಿ

ಶನಿವಾರ ಬೆಳಿಗ್ಗೆ ಶಿವಪೂಜೆ ಮುಗಿಸಿ ಇಷ್ಟಲಿಂಗವನ್ನು ಕರಡಿಗೆಗೆ ಸೇರಿಸುತ್ತಿದ್ದೆ. ಅಷ್ಟರಲ್ಲಿ ಮಗ ರುದ್ರೇಶ ಆಸ್ಪತ್ರೆಯಿಂದ ಫೋನು ಮಾಡಿದ.

“ಅಪ್ಪಾಜಿ, ಹಾಲು ವಾಪಸ್ ಕೊಟ್ರು.”

“ಯಾವ್ದು?”

“ಮೂರೂ ಬಾಟ್ಲಿ. ಸಿಸ್ಟರ್ ಅಳತೆ ಮಾಡಿದ್ರು, ಹನ್ನೊಂದು ಡಿಗ್ರಿ ಐತೆ. ನಾಲ್ಕು ದಾಟಿದ್ರೆ ಮುಟ್ಟಂಗಿಲ್ಲ ಅಂತ ನನ್ನ ಎದುರಿಗೇ ಸಿಂಕಿಗೆ ಸುರಿದುಬಿಟ್ರು.”

ಅವನೇ ಮುಂದುವರಿಸಿದ. “ಸಂಜೆ ಐದಕ್ಕೆ ತಣ್ಣಗಿರೋ ಹಾಲು ಬರ್ಲಿಲ್ಲ ಅಂದ್ರೆ ಇವತ್ತು ಪುಡಿ ಹಾಲು ಶುರು ಮಾಡ್ತಾರಂತೆ. ಸಂಗೀತಂಗೆ ಹೇಳ್ಬೇಡಿ.”

ಹೇಳುವುದೇನಿತ್ತು? ಫೋನು ಸ್ಪೀಕರಿನಲ್ಲಿತ್ತು, ಸೊಸೆ ಸಂಗೀತಾ ನನ್ನ ಹಿಂದೆಯೇ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಕೂಸು ಹುಟ್ಟಿ ಅಂದಿಗೆ ಹನ್ನೆರಡು ದಿನ. ಎರಡು ತಿಂಗಳು ಮುಂಚೆ ಹುಟ್ಟಿದ ಹೆಣ್ಣು ಕೂಸು. ತೂಕ ಒಂದು ಕಿಲೋ ನೂರಾ ಎಂಬತ್ತು ಗ್ರಾಂ. ಸಂಗೀತಳಿಗೆ ರಕ್ತದೊತ್ತಡ ಏರಿ ಅವಸರದಲ್ಲಿ ಹೊಟ್ಟೆ ಕೊಯ್ದು ತೆಗೆದಿದ್ದರು. ಹೊಲಿಗೆಯ ಜಾಗದಲ್ಲಿ ಕೀವಾಗಿ ಜ್ವರ ಬಂದಿದ್ದರಿಂದ, ಅವಳು ಕೂಸಿನ ಕೋಣೆಗೆ ಬರಬಾರದೆಂದು ಮನೆಗೆ ಕಳಿಸಿದ್ದರು. ಔಷಧದಿಂದ ಹಾಲಿಗೆ ದೋಷವಿಲ್ಲ, ಹಾಲು ಮಾತ್ರ ತಪ್ಪದೆ ಬರಲಿ ಎಂದಿದ್ದರು ಡಾಕ್ಟರು. ಮೂರು ಗಂಟೆಗೊಮ್ಮೆ ಅವಳು ಪಂಪಿನಲ್ಲಿ ಹಾಲು ತೆಗೆದು ಪುಟ್ಟ ಸೀಸೆಗೆ ತುಂಬುವಳು. ಬೆಳಗಿನದನ್ನು, ರಾತ್ರಿಯದನ್ನು ರುದ್ರೇಶ ಒಯ್ಯುವನು, ಸಂಜೆಯದನ್ನು ನಾನು. ಮೂರನೆಯ ದಿನ ಒಂದೇ ಒಂದು ಸಲ ಪುಡಿ ಹಾಲು ಕೊಟ್ಟಿದ್ದರು. ಕೂಸಿನ ಹೊಟ್ಟೆ ಉಬ್ಬಿ, ಬಣ್ಣ ತಿರುಗಿ, ಎರಡು ದಿನ ಏನೂ ಕೊಡದೆ ಬರೀ ನರಕ್ಕೆ ನೀರು ಹಾಕಿಟ್ಟಿದ್ದರು. ಆ ಎರಡು ದಿನ ಈ ಮನೆಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇರೆ ತಾಯಂದಿರು ಕೊಟ್ಟ ಹಾಲೂ ಆಸ್ಪತ್ರೆಯಲ್ಲಿ ಈ ವಾರ ಮುಗಿದಿತ್ತು. ಆದ್ದರಿಂದ ಪುಡಿ ಹಾಲು ಎಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅವ್ಳಿಗೆ ಒಂದು ಮಾತು ಹೇಳಿ ಅಪ್ಪಾಜಿ,” ಎಂದು ರುದ್ರೇಶ ಫೋನಿನಲ್ಲಿ ಗೊಣಗಿದ. “ಗಳಿಗೆಗೊಂದು ಸಲ ಬಾಗ್ಲು ತೆಗ್ದು ಹಾಲು ಐತಾ, ಕೆಟ್ಟೈತಾ ಅಂತ ನೋಡಿದ್ರೆ ಫ್ರಿಡ್ಜ್ ಹೆಂಗೆ ತಣ್ಣಗಿರುತ್ತೆ? ನಾನು ಅಂಬತ್ತೂರಿಗೆ ಹೊರಟೆ. ಇವತ್ತೂ ರಜೆ ಅಂದ್ರೆ ಫ್ಯಾಕ್ಟ್ರಿಯವ್ರು ಒಪ್ಪಲ್ಲ.”

ಫೋನು ಇಟ್ಟೆ. ಸಂಗೀತಾ ನನ್ನನ್ನೇ ನೋಡುತ್ತಿದ್ದಳು. ಆಗ ನಾನೂ ಅಂದುಬಿಟ್ಟೆ, “ಬಾಗ್ಲು ಮೇಲಿಂದ ಮೇಲೆ ತೆಗೀಬಾರ್ದಮ್ಮ. ತಂಪು ಹೊರಗೆ ಹೋಗುತ್ತೆ.”

“ಆಯ್ತು ಮಾವ,” ಎಂದಳು. ಅಷ್ಟೇ.

ಹತ್ತು ಗಂಟೆಗೆ ಅವಳು ಹಾಲು ತೆಗೆದಳು. ದಿನವೂ ಮೂವತ್ತು ಎಂ.ಎಲ್. ಬರುತ್ತಿದ್ದ ಹಾಲು ಅಂದು ಹದಿನೆಂಟಕ್ಕೆ ನಿಂತಿತು. ಸೀಸೆಯನ್ನು ನನ್ನ ಕೈಗೆ ಕೊಟ್ಟು, “ನೀವೇ ಇಡಿ ಮಾವ. ನಾನು ಅದನ್ನ ಮುಟ್ಟಲ್ಲ,” ಎಂದು ಕೋಣೆಗೆ ಹೋದಳು.

ಫ್ರಿಡ್ಜಿನ ಮಧ್ಯದ ಗಾಜಿನ ಹಲಗೆಯ ಮೇಲೆ ಸೀಸೆ ಇಟ್ಟೆ. ಹಿಂದಿನ ರಾತ್ರಿ ರುದ್ರೇಶ ತಂದ ಥರ್ಮಾಮೀಟರು ಹೊರಗೆ ಅಂಟಿಕೊಂಡಿತ್ತು. ಅದರ ತಂತಿಯ ತುದಿ ಒಳಗಿತ್ತು. ಅಂಕಿ ನೋಡಿದೆ. ಹನ್ನೊಂದು ಪಾಯಿಂಟ್ ನಾಲ್ಕು.

ಎದುರು ಮನೆಯ ಮಧುಸೂದನ್ ಅವರ ಫ್ರಿಡ್ಜಿನಲ್ಲಿಡೋಣವೆಂದು ಹೋದರೆ ಬಾಗಿಲಿಗೆ ಬೀಗ. ಕೆಳಗಿನ ಮಹಡಿ ಹೋದ ಮಳೆಗೆ ನೀರು ನುಗ್ಗಿದಾಗಿನಿಂದ ಖಾಲಿ. ಮೇಲೆ ಫ್ರೀಜರಿನಲ್ಲೋ ಐಸಿನ ನಡುವೆಯೋ ಇಡೋಣವೆಂದರೆ, ಹೆಪ್ಪುಗಟ್ಟಿದ ಹಾಲು ಈ ಕೂಸಿಗೆ ಸದ್ಯ ಬೇಡವೆಂದು ಸಿಸ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಯವರು ಎರಡು ತಂಪು ಪೆಟ್ಟಿಗೆ ಕೊಟ್ಟಿದ್ದರು; ದಾರಿಯಲ್ಲಿ ತಣ್ಣಗಾದೀತೆಂದು ಬೆಳಿಗ್ಗೆ ಒಂದರಲ್ಲಿ ರುದ್ರೇಶ ಹಾಲು ಒಯ್ದಿದ್ದ, ಇನ್ನೊಂದು ಮನೆಯಲ್ಲಿತ್ತು. “ಅದು ತಂಪನ್ನು ಕಾಯುತ್ತೆ, ತಂಪು ಮಾಡಲ್ಲ” ಎಂದೂ ಹೇಳಿದ್ದರು. ಹೀಗೆ ಎಲ್ಲ ದಾರಿಗಳೂ ಸುತ್ತಿ ಅದೇ ಹನ್ನೊಂದು ಪಾಯಿಂಟ್ ನಾಲ್ಕಕ್ಕೆ ಬಂದು ನಿಂತವು.

ಫ್ರಿಡ್ಜ್ ರಿಪೇರಿಯ ಸಾಯಿ ನಮಗೆ ಹತ್ತು ವರ್ಷದ ಪರಿಚಯ. ನನ್ನ ಹೆಂಡತಿ ಸರ್ವಮಂಗಳೆ ಇದ್ದಾಗ ಅವನಿಗೆ ರೊಟ್ಟಿ ಕಟ್ಟಿಕೊಟ್ಟು ಕಳಿಸುತ್ತಿದ್ದಳು. ಅವನಿಗೆ ಕನ್ನಡ ಬಾರದು. ರೈಲ್ವೆ ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದು ಮೂವತ್ತಾರು ವರ್ಷ ದುಡಿದ ನನಗೆ ತಮಿಳು ಬರುತ್ತದೆ. ಫೋನು ಹಚ್ಚಿದೆ.

“ತಾತಾ, ನಾನು ಕೋಡಂಬಾಕ್ಕಂನಲ್ಲಿ ಒಂದು ಎ.ಸಿ. ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಸಾಯಂಕಾಲ ಆರಾಗುತ್ತೆ,” ಎಂದ.

“ಆರಕ್ಕೆ ಬಂದರೆ ಏನು ಪ್ರಯೋಜನ? ಐದಕ್ಕೆ ಕೂಸಿಗೆ ಹಾಲು ಮುಟ್ಟಬೇಕಪ್ಪಾ,” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ಸರಿ ತಾತಾ. ಫೋನು ಕಿವಿಯಲ್ಲೇ ಇರಲಿ. ನಾನು ಹೇಳಿದಂಗೆ ನೀವು ನೋಡಿ. ಮೊದಲು, ಫ್ರೀಜರ್‌ಲ ಐಸ್ ಇರುಕ್ಕಾ?”

ಐಸ್ ಇತ್ತು. ಕಲ್ಲಿನಂತೆ ಗಟ್ಟಿಯಾಗಿತ್ತು.

“ಹಾಗಾದ್ರೆ ಗ್ಯಾಸ್ ಇದೆ, ಮೋಟಾರು ಸರಿ ಇದೆ. ಭಯ ಬೇಡ. ಸ್ಟೆಬಿಲೈಸರ್ ಎಷ್ಟು ತೋರಿಸ್ತಿದೆ?”

ಇನ್ನೂರ ಇಪ್ಪತ್ತು ತೋರಿಸುತ್ತಿತ್ತು. ತಂಪು ಹೆಚ್ಚಿಸುವ ಗುಂಡಿಯನ್ನು ರುದ್ರೇಶ ರಾತ್ರಿಯೇ ಕೊನೆಯವರೆಗೆ ತಿರುಗಿಸಿದ್ದ.

“ಇನ್ನು ಬಾಗಿಲಿನ ರಬ್ಬರು. ಒಂದು ಕಾಗದ ಇಟ್ಟು ಬಾಗಿಲು ಮುಚ್ಚಿ. ಆಮೇಲೆ ಎಳೀರಿ. ಸಲೀಸಾಗಿ ಬಂದ್ರೆ ರಬ್ಬರು ಸಡಿಲ ಅಂತ.”

ಪಂಚಾಂಗದ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು ಸುತ್ತಲೂ ಹತ್ತು ಕಡೆ ಇಟ್ಟು ನೋಡಿದೆ. ಮೇಲೆ, ಕೆಳಗೆ, ಬದಿಗೆ, ಎಲ್ಲ ಕಡೆಯೂ ಹಿಡಿಯಿತು. ಕೊನೆಗೆ ಹಾಳೆಯೇ ಹರಿಯಿತು. ಬಾಗಿಲಲ್ಲಿ ತಪ್ಪಿಲ್ಲ ಎಂದಾಯಿತು. ಆ ಮಾತನ್ನು ನಾನು ಆಗಲೇ ಒಳಗೆ ಹೋಗಿ ಸಂಗೀತಳಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಹಿಡಿದ ಕೆಲಸ ಮುಗಿಯಲಿ ಎಂದುಕೊಂಡೆ.

“ಗೋಡೆಗೆ ಅಂಟಿಸಿ ಇಟ್ಟಿದ್ದೀರಾ? ಗೇಣು ಜಾಗ ಬಿಡಿ. ಹಿಂದೆ ಧೂಳಿದ್ದರೆ ಒರೆಸಿ.”

ಎಪ್ಪತ್ತನಾಲ್ಕು ವರ್ಷದ ಮೈಯಲ್ಲಿ ಫ್ರಿಡ್ಜನ್ನು ಮುಂದಕ್ಕೆಳೆಯುವುದು ಎಂದರೇನೆಂದು ಅಂದು ತಿಳಿಯಿತು. ಅದು ಒಂದು ಗೇಣು ಬರುವಷ್ಟರಲ್ಲಿ ಎದೆ ಬಡಿದುಕೊಳ್ಳುತ್ತಿತ್ತು. ಸದ್ದು ಕೇಳಿ ಸಂಗೀತಾ ಬಂದು ಬಾಗಿಲಲ್ಲಿ ನಿಂತಳು. “ಮಾವ, ಬಿಡಿ, ನಿಮಗೇನಾದ್ರೂ ಆದ್ರೆ ನಾನು ಯಾರನ್ನ ಅಂತ ನೋಡ್ಲಿ?” ಎಂದಳು. “ನೀನು ಮಲಗು, ಹೊಲಿಗೆ ಎಳೆಯುತ್ತೆ,” ಎಂದು ಗದರಿದೆ. ಹಿಂಬದಿಯ ಧೂಳು ಒರೆಸಿದೆ. ಅಂಕಿ ನೋಡಿದೆ. ಹನ್ನೊಂದು ಪಾಯಿಂಟ್ ಆರು. ಬಾಗಿಲು ತೆಗೆದು ಮುಚ್ಚಿ ಏರಿಸಿದ್ದು ಈಗ ನಾನೇ.

ಗಂಟೆ ಹನ್ನೊಂದೂ ಮುಕ್ಕಾಲು.

“ತಾತಾ, ಇನ್ನು ಒಂದೇ ಉಳಿದಿದ್ದು. ತಂಪು ಹುಟ್ಟೋದು ಮೇಲೆ, ಫ್ರೀಜರಿನಲ್ಲಿ. ಕೆಳಗೆ ತಂಪಿನ ಯಂತ್ರ ಬೇರೆ ಇಲ್ಲ. ಒಂದು ಫ್ಯಾನು ಮೇಲಿನ ತಂಪುಗಾಳಿಯನ್ನ ಕೆಳಗೆ ತಳ್ಳುತ್ತೆ. ಫ್ಯಾನಿನ ಸದ್ದು ಕೇಳ್ತಿದೆಯಾ?”

ಕಿವಿ ಹಚ್ಚಿದೆ. ಜೇನು ಗುಂಯ್ಗುಟ್ಟಿದಂತೆ ಕೇಳುತ್ತಿತ್ತು.

“ಹಾಗಾದ್ರೆ ಗಾಳಿ ಬರ್ತಿದೆ, ಕೆಳಗೆ ಇಳೀತಿಲ್ಲ. ಎಲ್ಲಕ್ಕಿಂತ ಮೇಲಿನ ಹಲಗೆ, ಅದರ ಹಿಂದಿನ ಗೋಡೆ ನೋಡಿ. ಅಲ್ಲಿ ಚಿನ್ನ ಜನ್ನಲ್ ಮಾದಿರಿ ಇರುಕ್ಕುಂ, ಸಣ್ಣ ಕಿಟಕಿ ಥರ. ಅದರ ಎದುರಿಗೆ ಯಾರಾದರೂ ಏನಾದರೂ ಒತ್ತಿಟ್ಟಿದ್ದಾರಾ?”

ನಾನು ನೋಡಬೇಕಾಗಿಯೇ ಇರಲಿಲ್ಲ. ಅಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು.

ಕೂಸು ಹುಟ್ಟಿದ ದಿನ ಗಾಜಿನ ಆಚೆ ಅದನ್ನು ನೋಡಿ ಬಂದವನು ನಾನು ಶಿವನಿಗೆ ಹರಕೆ ಹೊತ್ತಿದ್ದೆ. ಕೂಸು ಉಳಿಯಲಿ, ಎರಡು ವಾರ ತುಂಬುವ ಸೋಮವಾರ ಸಾವಿರದೆಂಟು ಬಿಲ್ವಪತ್ರೆ ಏರಿಸುತ್ತೇನೆ ಎಂದು. ಗುರುವಾರ ದೇವಸ್ಥಾನದ ಬಳಿಯ ಹೂವಿನಂಗಡಿಯಿಂದ ಎರಡು ಚೀಲ ಪತ್ರೆ ತಂದು, ಮೂರು ದಳ ಕೂಡಿದ್ದನ್ನೇ ಆರಿಸಿ, ಒದ್ದೆ ಪಂಚೆಯಲ್ಲಿ ಸುತ್ತಿ, ಮೇಲಿನ ಹಲಗೆಯ ಮೇಲೆ ಹಿಂದಿನ ಗೋಡೆಗೆ ಒತ್ತಿ ಇಟ್ಟೆ. ಮೇಲಿನ ಹಲಗೆಯೇ ಏಕೆಂದರೆ ಶಿವನಿಗೆ ಏರುವ ಪತ್ರೆಯ ಮೇಲೆ ನಿನ್ನೆಯ ಸಾರು, ಮುಸುರೆಯ ಪಾತ್ರೆ ಇರಬಾರದು. ಹಿಂದೆ ಏಕೆಂದರೆ ಅಡಿಗೆಯ ಕೈ ತಾಗಬಾರದು. ಶುಕ್ರವಾರ ಸಂಜೆ ನಾನೇ ಒಯ್ದಾಗ ಸಿಸ್ಟರು ಸೀಸೆ ಮುಟ್ಟಿ ನೋಡಿ, “ತಾತಾ, ಇದು ಸಾಕಷ್ಟು ತಣ್ಣಗಿಲ್ಲ, ನಾಳೆ ಹೀಗಾಗಬಾರದು,” ಎಂದಿದ್ದರು. ಅದನ್ನು ಕೇಳಿಯೂ ನನಗೆ ಹೊಳೆಯಲಿಲ್ಲ.

ಇನ್ನೊಂದು ಮಾತೂ ಇದೆ. ಬಿಲ್ವಕ್ಕೆ ಬಾಡಿದ ದೋಷವಿಲ್ಲ. ಒಣಗಿದ ಪತ್ರೆಯೂ ಪೂಜೆಗೆ ಸಲ್ಲುತ್ತದೆ, ಚಿಕ್ಕಂದಿನಿಂದ ಬಲ್ಲೆ. ಅದನ್ನು ತಂಪಿನಲ್ಲಿಡುವ ಅಗತ್ಯವೇ ಇರಲಿಲ್ಲ. ಆದರೆ ಐದು ತಿಂಗಳ ಹಿಂದೆ ಸರ್ವಮಂಗಳೆಯ ಮೇಲೆ ಹಾಕಿದ ಹಾರ ಮಧ್ಯಾಹ್ನದ ಬಿಸಿಲಿಗೆ ನನ್ನ ಕಣ್ಣೆದುರಿಗೇ ಬಾಡಿತು. ಅಂದಿನಿಂದ ಬಾಡಿದ ಹೂ, ಬಾಡಿದ ಎಲೆ ಮನೆಯಲ್ಲಿ ಕಂಡರೆ ನನಗೆ ತಡೆಯುವುದಿಲ್ಲ.

“ತಾತಾ? ಲೈನಿನಲ್ಲಿದ್ದೀರಾ?”

“ಇದ್ದೇನಪ್ಪಾ. ಸಿಕ್ಕಿತು,” ಎಂದೆ.

ಪಂಚೆಯ ಗಂಟನ್ನು ಎಳೆದೆ. ಹಿಂಭಾಗ ಗೋಡೆಗೆ ಹತ್ತಿ ಹಿಮಗಟ್ಟಿತ್ತು, ಕಿತ್ತುಕೊಂಡೇ ಬಂತು. ಬಂದ ಕೂಡಲೇ ಆ ಕಿಂಡಿಯಿಂದ ತಂಪುಗಾಳಿ ನನ್ನ ಮುಖಕ್ಕೆ ಬಡಿಯಿತು. ಎರಡು ದಿನದಿಂದ ಕೂಸಿನ ಹಾಲಿಗೆ ಬೇಕಾಗಿದ್ದ ಗಾಳಿ ಅದು.

ಬಾಗಿಲು ಮುಚ್ಚಿ, ಗಂಟನ್ನು ಎದೆಗೆ ಅವಚಿಕೊಂಡು ನನ್ನ ಕೋಣೆಗೆ ಹೋದೆ. ಮಂಚದ ಕೆಳಗೆ ಇಟ್ಟೆ. ಇಟ್ಟ ಮೇಲೆ, ಯಾಕೆ ಇಲ್ಲಿಟ್ಟೆ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಹಿಂದೆ ಧೂಳಿತ್ತು, ಒರೆಸಿದೆ, ಸರಿಯಾಯಿತು ಎಂದರೆ ಮುಗಿಯಿತು. ಸಾಯಿಗೂ ಗಂಟಿನಲ್ಲಿ ಏನಿತ್ತೆಂದು ಗೊತ್ತಿಲ್ಲ. ರುದ್ರೇಶ ಕೇಳುವುದಿಲ್ಲ. ಯಾರಿಗೆ ನಷ್ಟ? ಹೀಗೆ ಯೋಚಿಸುತ್ತಾ, ಶಿವನ ಪತ್ರೆಯನ್ನು ಮಂಚದ ಕೆಳಗೆ ಬಚ್ಚಿಟ್ಟುಕೊಂಡು, ಶಿವಭಕ್ತನೆಂದು ಹೆಸರಾದ ನಾನು ಕೂತಿದ್ದೆ.

“ಮಾವ.” ಸಂಗೀತಾ ಬಂದಿದ್ದಳು. “ಸಾಯಿ ಏನಂದ? ಗೊತ್ತಾಯ್ತಾ ಯಾಕೆ ಅಂತ?”

“ಗಾಳಿ ಬರೋ ಕಿಂಡಿ ಮುಚ್ಚಿಹೋಗಿತ್ತು. ಈಗ ಬಿಟ್ಟೈತೆ.”

“ಬಾಗ್ಲು ತೆಗ್ದು ತೆಗ್ದು ಐಸ್ ಕಟ್ಟಿತ್ತಾ?” ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ನಂದೇ ತಪ್ಪು ಅಲ್ವಾ ಮಾವ? ಹೊರಗಿನ ಅಂಕಿ ನಂಬಕ್ಕಾಗ್ತಿರ್ಲಿಲ್ಲ. ರಾತ್ರಿಯೆಲ್ಲ ಆರು ಸಲ ತೆಗೆದಿದ್ದೆ. ಕೂಸು ಅಲ್ಲಿ ಒಂದೇ ಇದೆಯಲ್ಲ, ಇದನ್ನಾದ್ರೂ ನೋಡ್ತಿರಣ ಅಂತ.”

ಅವಳು ನೋಡುತ್ತಿದ್ದುದು ಹಾಲನ್ನಲ್ಲ ಎಂದು ನನಗೆ ಆಗ ತಿಳಿಯಿತು.

ಬಗ್ಗಿ ಗಂಟನ್ನು ಹೊರಗೆಳೆದೆ. ಬಿಚ್ಚಿ ಮಂಚದ ಮೇಲಿಟ್ಟೆ. “ಬಾಗ್ಲಲ್ಲ ತಾಯಿ. ಇದು. ಇದನ್ನ ನಾನೇ ಆ ಕಿಂಡಿಗೆ ಒತ್ತಿಟ್ಟಿದ್ದೆ. ಗುರುವಾರದಿಂದ.”

ಅವಳು ಪತ್ರೆಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಇಷ್ಟೊಂದು ಯಾಕೆ?”

“ಹರಕೆ ಹೊತ್ತಿದ್ದೆ. ಕೂಸಿಗೆ.”

“ಯಾರಿಗೆ ಹೇಳಿ ಹೊತ್ರಿ?”

“ಶಿವನಿಗೆ.”

“ನನಗೆ ಹೇಳ್ಬೇಕಿತ್ತು,” ಎಂದಳು. ದನಿ ಏರಿತು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವಳು ನನ್ನೆದುರು ದನಿ ಏರಿಸಿರಲಿಲ್ಲ. “ಆ ಹಾಲು ತೆಗೆಯೋಕೆ ಎಷ್ಟು ನೋವಾಗುತ್ತೆ ಗೊತ್ತಾ ನಿಮಗೆ? ಮೂರು ಬಾಟ್ಲಿ ಮಾವ! ಸಿಂಕಿಗೆ ಹಾಕಿದ್ರು! ಬೆಳಿಗ್ಗೆ ಅವ್ರೂ ನನ್ನನ್ನೇ ಅಂದ್ರು, ನೀವೂ ನನ್ನನ್ನೇ ಅಂದ್ರಿ!”

“ಅಂದೆ. ತಪ್ಪಾಯ್ತು.”

ಅವಳು ಮಂಚದ ಅಂಚಿಗೆ ಕೂತು ಅತ್ತಳು. ಅಳುವಾಗ ಹೊಟ್ಟೆಯ ಹೊಲಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದಿದ್ದಳು. ನಾನು ನಿಂತೇ ಇದ್ದೆ. ಸರ್ವಮಂಗಳೆ ಇದ್ದಿದ್ದರೆ ಪಕ್ಕದಲ್ಲಿ ಕೂತು ತಲೆ ನೇವರಿಸುತ್ತಿದ್ದಳು. ಮಾವನಾದವನು ಏನು ಮಾಡಬೇಕು? ಒಂದು ಲೋಟ ನೀರು ತಂದು ಇಟ್ಟೆ.

ಅವಳು ನೀರು ಕುಡಿದಳು. ಎದ್ದು ನೇರ ಅಡಿಗೆಮನೆಗೆ ಹೋಗಿ ಫ್ರಿಡ್ಜಿನ ಬಾಗಿಲು ತೆಗೆದು ಹತ್ತು ಗಂಟೆಯ ಸೀಸೆಯನ್ನು ಹೊರಗಿಟ್ಟಳು. “ಇದು ಎರಡು ಗಂಟೆ ಸೆಕೆಗೆ ಕೂತೈತೆ. ಕೂಸಿಗೆ ಬೇಡ,” ಎಂದು ತಾನೇ ಚೆಲ್ಲಿದಳು. ಆಮೇಲೆ ಒಳಗಿದ್ದ ಸಾರು, ಹುಳಿ, ಮೊಸರು, ತರಕಾರಿ ಎಲ್ಲವನ್ನೂ ತೆಗೆಸಿದಳು. “ಬೇರೆ ಏನೂ ಬೇಡ. ಹಾಲೊಂದೇ ಇರ್ಲಿ. ಇದೆಲ್ಲ ತಣ್ಣಗಾಗೋಕೆ ಕಾಯ್ತಾ ಕೂತ್ರೆ ಅದಕ್ಕೆ ತಡ ಆಗುತ್ತೆ.” ಮೊಸರಿನ ಪಾತ್ರೆಯನ್ನು ನನ್ನ ಕೈಗೆ ಕೊಡುತ್ತಾ, “ಊಟಕ್ಕೆ ಇದನ್ನೇ ಮುಗಿಸ್ಬೇಕು ನೀವು. ದಂಡ ಅನ್ಕೊಳ್ಳಿ,” ಎಂದಳು. ಮುಖದಲ್ಲಿ ನಗುವಿರಲಿಲ್ಲ, ಆದರೆ ಮಾತಿನಲ್ಲಿ ಇತ್ತು.

ಒಂದು ಗಂಟೆಗೆ ಅವಳು ಮತ್ತೆ ಹಾಲು ತೆಗೆದಳು. ಬಾಗಿಲ ಆಚೆ ಪಂಪಿನ ಸದ್ದು ಕೇಳುತ್ತಾ ನಾನು ಹಜಾರದಲ್ಲಿ ಕೂತಿದ್ದೆ. ನಾಲಿಗೆಯ ಮೇಲೆ ಪಂಚಾಕ್ಷರಿ, ಕಣ್ಣು ಫ್ರಿಡ್ಜಿನ ಅಂಕಿಯ ಮೇಲೆ. ಒಂಬತ್ತು ಪಾಯಿಂಟ್ ಎರಡು. ಅವಳು ಸೀಸೆ ತಂದು ಬೆಳಕಿಗೆ ಹಿಡಿದಳು. ಮೂವತ್ತಾರು ಎಂ.ಎಲ್. ಇತ್ತು. ರಾತ್ರಿ ರುದ್ರೇಶ ಮುಂದಿನದನ್ನು ಒಯ್ಯುವವರೆಗಿನ ಎರಡು ಹೊತ್ತಿಗೆ ಸಾಕು. ಕಿಂಡಿಯ ಎದುರಿಗೆ, ತಾಗದಂತೆ, ಅವಳೇ ಇಟ್ಟಳು. ಥರ್ಮಾಮೀಟರಿನ ತುದಿಯನ್ನು ಅಷ್ಟೇ ಉಗುರುಬೆಚ್ಚಗಿನ ನೀರು ತುಂಬಿದ ಇನ್ನೊಂದು ಸೀಸೆಯಲ್ಲಿ ಮುಳುಗಿಸಿ ಪಕ್ಕಕ್ಕಿಟ್ಟಳು. “ಬರೀ ಗಾಳಿ ತಣ್ಣಗಾದ್ರೆ ಸಾಲ್ದು. ಹಾಲು ಎಷ್ಟು ತಣ್ಣಗಾಗೈತೆ ಅಂತ ಇದು ಹೇಳುತ್ತೆ.”

ಇಬ್ಬರೂ ಕಾದೆವು. ಮುಚ್ಚಿದ ಬಾಗಿಲನ್ನು ಯಾರೂ ಮುಟ್ಟಲಿಲ್ಲ.

ಎರಡೂವರೆಗೆ ಹನ್ನೆರಡು. ಮೂರಕ್ಕೆ ಎಂಟು. ಮೂರೂಕಾಲಿಗೆ ಕರೆಂಟು ಹೋಯಿತು.

ಫ್ಯಾನು ನಿಂತಿತು, ಫ್ರಿಡ್ಜಿನ ಸದ್ದು ನಿಂತಿತು. ಮನೆಯೊಳಗೆ ಸೆಕೆ ಏರತೊಡಗಿತು. ನಾನು ಕೆಳಗಿಳಿದು ಹೋಗಿ ಕಾವಲುಗಾರ ತಮ್ಮಯ್ಯನನ್ನು ಕೇಳಿದೆ. “ಬೀದಿಗೇ ಇಲ್ಲ ಸ್ವಾಮೇರಾ. ಬರುತ್ತೆ ಅಂತಾರೆ, ಯಾವಾಗ ಅನ್ನಲ್ಲ,” ಎಂದ. ಮೇಲೆ ಬಂದು ತಲೆಯಾಡಿಸಿದೆ. ಹತ್ತೊಂಬತ್ತು ನಿಮಿಷ. ಗೋಡೆಯ ಗಡಿಯಾರ ಬ್ಯಾಟರಿಯದು, ಅದು ಮಾತ್ರ ನಡೆಯುತ್ತಿತ್ತು. ಕರೆಂಟು ಬಂದಾಗ ಫ್ರಿಡ್ಜು ಒಮ್ಮೆ ನಡುಗಿ ಮತ್ತೆ ಗುಂಯ್ಗುಡತೊಡಗಿತು. ಅಂಕಿ ಏಳೂವರೆಯಲ್ಲಿತ್ತು.

ನಾಲ್ಕು ಗಂಟೆಗೆ ಐದು ಪಾಯಿಂಟ್ ಎಂಟು. ಹೊರಡುವ ಹೊತ್ತು ಮೀರುತ್ತಿತ್ತು.

“ಆಟೋದಲ್ಲಿ ಹೋಗಿ ಮಾವ. ಆಗ ಇನ್ನೂ ಇಪ್ಪತ್ತು ನಿಮಿಷ ಸಿಗುತ್ತೆ.”

“ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡ್ರೆ?”

“ಸಿಕ್ಕಿಹಾಕ್ಕೊಳ್ಳಲ್ಲ ಅನ್ನಿ,” ಎಂದಳು.

ನಾಲ್ಕೂ ಇಪ್ಪತ್ತಮೂರಕ್ಕೆ ಅಂಕಿ ನಾಲ್ಕು ಪಾಯಿಂಟ್ ಒಂದಕ್ಕೆ ಬಂತು. ಅವಳು ಬಾಗಿಲು ತೆಗೆದು, ಸೀಸೆಯನ್ನು ಕುತ್ತಿಗೆಯ ಬಳಿ ಎರಡೇ ಬೆರಳಲ್ಲಿ ಹಿಡಿದು, ಫ್ರೀಜರಿನಿಂದ ತೆಗೆದ ತಂಪು ಪೊಟ್ಟಣಗಳ ನಡುವೆ ಬಟ್ಟೆ ಸುತ್ತಿ ಇಟ್ಟು ಪೆಟ್ಟಿಗೆ ಮುಚ್ಚಿದಳು. ನನ್ನ ಕೈಗೆ ಕೊಡುವ ಮುಂಚೆ ಪೆಟ್ಟಿಗೆಯ ಮುಚ್ಚಳದ ಮೇಲೆ ಒಮ್ಮೆ ಅಂಗೈ ಊರಿದಳು.

ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಎರಡು ಸಿಗ್ನಲ್ಲುಗಳಲ್ಲಿ ನಿಂತೆವು. ಎರಡನೆಯದರಲ್ಲಿ ಎಷ್ಟು ಹೊತ್ತು ನಿಂತೆವೆಂದರೆ, “ಗಾಡಿ ಬಿಡು” ಎಂದು ನಾನು ಆಟೋದವನ ಬೆನ್ನು ತಟ್ಟಿದೆ. “ತಾತಾ, ಮುಂದೆ ಬಸ್ಸಿದೆ, ಅದರ ಮೇಲೆ ಹತ್ತಿಸಲಾ?” ಎಂದು ಕೇಳಿದ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಐದಕ್ಕೆ ನಾಲ್ಕು ನಿಮಿಷ ಬಾಕಿ.

ಸಿಸ್ಟರ್ ಪಾವನಾ ಪೆಟ್ಟಿಗೆ ತೆರೆದರು. ಬೆಳಿಗ್ಗೆ ಹಾಲು ಚೆಲ್ಲಿದ ಕೈ ಅದೇ. ಪಿಸ್ತೂಲಿನಂಥ ಅಳತೆಯ ಯಂತ್ರವನ್ನು ಸೀಸೆಗೆ ಹಿಡಿದರು. ನಾನು ಅಂಕಿಯನ್ನು ನೋಡಲಿಲ್ಲ, ಅವರ ಮುಖವನ್ನು ನೋಡಿದೆ. ಅವರು ಒಮ್ಮೆ ಹಿಡಿದು, ಮತ್ತೊಮ್ಮೆ ಹಿಡಿದರು.

“ಮೂನು ಪಾಯಿಂಟ್ ಒಂಬದು,” ಎಂದರು. ಮೂರು ಪಾಯಿಂಟ್ ಒಂಬತ್ತು. ಚೀಟಿಯಲ್ಲಿ ಬರೆದು ಸೀಸೆಗೆ ಅಂಟಿಸಿ, “ಫ್ರಿಡ್ಜಿಗೆ ಏನಾಗಿತ್ತು ತಾತಾ?” ಎಂದು ಕೇಳಿದರು.

“ಫ್ರಿಡ್ಜಿಗೆ ಏನೂ ಆಗಿರಲಿಲ್ಲಮ್ಮ,” ಎಂದೆ.

ಗಾಜಿನ ಆಚೆ ನಿಂತು ನೋಡಿದೆ. ಕೂಸು ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಲಿಂಗಧಾರಣೆ ಇನ್ನೂ ಆಗಿಲ್ಲ, ಹೆಸರೂ ಇಲ್ಲ. ಕೈಗೆ ಕಟ್ಟಿದ ಪಟ್ಟಿಯಲ್ಲಿ ಅದರ ತಾಯಿಯ ಹೆಸರೇ ಇದೆ. ಸಿಸ್ಟರು ಹಾಲನ್ನು ಹದಕ್ಕೆ ತಂದು ಸಿರಿಂಜಿನಲ್ಲಿ ತುಂಬಿ ಎತ್ತಿ ಹಿಡಿದರು. ತೆಳು ಕೊಳವೆಯಲ್ಲಿ ಬಿಳಿ ಗೆರೆ ನಿಧಾನವಾಗಿ ಇಳಿದು ಕೂಸಿನ ಮೂಗಿನ ಬಳಿ ಮರೆಯಾಯಿತು. ನಾನು ಕಣ್ಣು ಮುಚ್ಚಿ ಶಿವನನ್ನು ನೆನೆಯಬೇಕಾಗಿತ್ತು. ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ. ಸಿರಿಂಜು ಖಾಲಿಯಾಗುವವರೆಗೂ ನೋಡಿದೆ.

ಹೊರಗೆ ಬಂದು ಮನೆಗೆ ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿದಳು.

“ತಗೊಂಡ್ರಮ್ಮ. ಕೂಸು ಕುಡೀತು. ನಾನು ನಿಂತು ನೋಡಿದೆ.”

ಆ ಕಡೆ ಮೂಗೊರೆಸಿಕೊಂಡು ಹೇಳಿದಳು, “ಮಾವ, ನಿಮ್ಮ ಪತ್ರೆ ಬಾಲ್ಕನಿಯಲ್ಲಿ ಪೇಪರ್ ಮೇಲೆ ಹರವಿದೀನಿ. ಸೋಮವಾರದ ಹೊತ್ತಿಗೆ ಬಾಡುತ್ತೆ. ಬಾಡಿದ್ರೂ ನಡೆಯುತ್ತಂತಲ್ಲ, ಅತ್ತೆ ಹೇಳ್ತಿದ್ರು.”

“ನಡೆಯುತ್ತೆ,” ಎಂದೆ.

“ನೀವು ಹೋದ್ಮೇಲೆ ನಾಲ್ಕು ಗಂಟೆಯ ಹಾಲು ತೆಗ್ದು ಇಟ್ಟಿದೀನಿ. ಒಂದೇ ಒಂದು ಸಲ ತೆಗ್ದು ನೋಡ್ಲಾ?”

“ನೋಡಮ್ಮ,” ಎಂದೆ. “ಎಷ್ಟು ಸಲ ಬೇಕಾದ್ರೂ ನೋಡು.”